ಎರಡು ಖಾನೆಯ ಡಬ್ಬಿ

ಹುಬ್ಬಳ್ಳಿ, ಏಳನೆಯ ನೆರಳೋಣಿ
೩೦ ಫೆಬ್ರವರಿ, ೨೨೦೭

ನೀಲಾಂಬಿಕಾ ಅಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ಇಂಚರಳ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡ. ಕ್ಯಾಲೆಂಡರ್ ತಿದ್ದಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಲವತ್ತೆರಡರ ಹೆಂಗಸನ್ನು ಅಜ್ಜಿ ಎಂದು ಕರೆದದ್ದಕ್ಕೂ, ನಡುನಡುವೆ ನುಸುಳುವ ನಮ್ಮ ಕಾಲದ ಪದಗಳಿಗೂ ಕ್ಷಮೆಯಿರಲಿ. ಈ ಪತ್ರ ಬಂದದ್ದು ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಎಲ್ಲಾದರೂ ನಿಧಿ ಹೂತಿಡಲು ಹೇಳು ಎಂದು ನನ್ನ ಗಂಡ ತಲೆ ತಿಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮಲ್ಲಿ ಬಿಸಿಲು ವಿಪರೀತ. ಓಣಿಗಳಿಗೆಲ್ಲ ಬಳ್ಳಿಯ ಚಪ್ಪರ ಹಬ್ಬಿಸಿದ್ದೇವೆ, ಅವೇ ನೆರಳೋಣಿಗಳು. ಓಣಿಗೊಂದು ದನಿಗೂಡು ಇದೆ: ನೆಲದಡಿಯ ತಂಪು ಕೋಣೆ, ಎಲ್ಲ ಮನೆಗಳ ಫೋಟೋ, ಧ್ವನಿ ಅಲ್ಲೇ ಇರುತ್ತವೆ. ಸರದಿಯಂತೆ ಕಸ ಗುಡಿಸುತ್ತೇವೆ, ಯಂತ್ರ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತೇವೆ. ಪ್ರತಿ ಹುಣ್ಣಿಮೆಯ ಸಂಜೆ ಒಂದು ಮನೆಯವರು ತಮ್ಮಲ್ಲಿರುವ ಅತ್ಯಂತ ಹಳೆಯ ಧ್ವನಿಯನ್ನು ಓಣಿಗೆಲ್ಲ ಕೇಳಿಸಬೇಕು. ಉಳಿದವರು ಮಿರ್ಚಿ ತಿನ್ನುತ್ತಾ ಕೂರುತ್ತಾರೆ. ಮಿರ್ಚಿಯೊಂದು ಬದಲಾಗಿಲ್ಲ. ಎದುರುಮನೆಯ ಜೈತುನ್‌ಬಿಯ ಹಿರಿಯರೊಬ್ಬರು ಬಾಳೆಹಣ್ಣು ಮಾರುತ್ತಾ ಕೂಗಿದ್ದು ಅವರಲ್ಲಿದೆ, ಅದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನಮ್ಮ ಮನೆಯ ಹಳೆಯ ಧ್ವನಿ ನಿನ್ನದು. ಇಪ್ಪತ್ತೊಂದು ಸೆಕೆಂಡು. ಗದಗಿನ ನಿನ್ನ ಅಣ್ಣನಿಗೆ ಮೊಬೈಲಿನಲ್ಲಿ ಕಳಿಸಿದ ಸಂದೇಶ. "ಅಣ್ಣಾ, ಚೊಲೋ ಆಗ್ಲಿ ಅಂತನ ಡಬ್ಬಿಗೆ ಕುಂಕುಮ ಹಚ್ಚಿದ್ನೋ. ಅವ್ವನ ಧ್ವನಿ ಎಲ್ಲಾ ಹೋತೋ. ಮೊಬೈಲ್‌ದಾಗಿಂದು ನಾನ ಅಳಿಸೇನಿ. ಈಗ ಏನ್ ಮಾಡ್ಲಿ?" ಆಮೇಲೆ ಬರೀ ಅಳು. ನಮ್ಮ ಸರದಿ ಬಂದಾಗ ಯಾರೂ ಮಿರ್ಚಿ ಮುಟ್ಟುವುದಿಲ್ಲ.

ನಿನಗಿದು ಇನ್ನೂ ಆಗಿಲ್ಲ. ಹೋದ ತಿಂಗಳು ತೀರಿಕೊಂಡ ನಿನ್ನ ಅವ್ವ ಗುರುಶಾಂತವ್ವ ಕೌದಿ ಹೊಲೆಯುತ್ತಾ ಆಡಿದ ಮಾತು, ಬೈಗುಳ, ಹಾಡು ಎಲ್ಲ ನಿನ್ನ ಮೊಬೈಲಿನಲ್ಲಿವೆ. ಮೊಬೈಲು ತುಂಬಿಹೋಗಿದೆ. ಅದಕ್ಕೇ ನಾಳೆ ನೀನು ಮನೆಯ ವೈಫೈಗೆ ಜೋಡಿಸುವ ಸ್ಟೋರೇಜ್ ಡಬ್ಬಿ ಕೊಳ್ಳಲು ಹೊರಟಿದ್ದೀಯ. ನಿನ್ನ ಕೈಗೆಟುಕುವಂಥವು ಅಂಗಡಿಯಲ್ಲಿ ಎರಡಿವೆ. ಒಂದರಲ್ಲಿ ಒಂದೇ ಖಾನೆ, ಜಾಗ ಬಹಳ. ಇನ್ನೊಂದರಲ್ಲಿ ಎರಡು ಖಾನೆ, ಎರಡು ಸಣ್ಣ ಡಿಸ್ಕು. ನಮ್ಮ ಮನೆಯಲ್ಲಿ ಉಳಿದುಬಂದ ಕಥೆಯಲ್ಲಿ, ಜಾಗಕ್ಕೆ ಆಸೆಪಟ್ಟು ನೀನು ಮೊದಲನೆಯದನ್ನು ಕೊಂಡುತಂದೆ. ಎಲ್ಲವನ್ನೂ ಅದಕ್ಕೆ ತುಂಬಿ ಮೊಬೈಲು ಖಾಲಿ ಮಾಡಿದೆ. ಆಯುಧಪೂಜೆಯ ದಿನ ಮಿಕ್ಸರ್, ಸ್ಕೂಟಿಯ ಜೊತೆ ಅದಕ್ಕೂ ಪೂಜೆಯಾಯಿತು. ಅವ್ವನೇ ಒಳಗಿದ್ದಾಳೆಂದು ಕೈತುಂಬ ಕುಂಕುಮ, ವಿಭೂತಿ ಏರಿಸಿದೆ. ಒಳಗಿನ ಫ್ಯಾನು ಅದನ್ನೆಲ್ಲ ಎಳೆದುಕೊಂಡು ಕಟ್ಟಿಕೊಂಡಿತು. ಡಿಸ್ಕು ಹತ್ತು ದಿನ ಬಿಸಿಯೇರಿ ಸತ್ತಿತು. ನಿನ್ನದೇನು ತಪ್ಪು ಹೇಳು? ಪ್ರೀತಿ ಹೆಚ್ಚಾಯಿತು, ಅಷ್ಟೇ.

ಎರಡು ಖಾನೆಯದನ್ನೇ ತಾ. ಜೋಡಿಸುವಾಗ ಎರಡನ್ನೂ ಕೂಡಿಸಿ ಜಾಗ ಹೆಚ್ಚಿಸಲೇ, ಒಂದರ ನಕಲು ಇನ್ನೊಂದರಲ್ಲಿ ಇಡಲೇ ಎಂದು ಯಂತ್ರ ಕೇಳುತ್ತದೆ. ನಕಲು ಎನ್ನು. ಜಾಗ ಸಾಲದಿದ್ದರೆ ನಿನ್ನ ಮೈದುನನ ಸಿನಿಮಾಗಳು ಹಾಳಾಗಿ ಹೋಗಲಿ. ಆದರೆ ಒಂದೇ ಡಬ್ಬಿಯ ಎರಡು ಡಿಸ್ಕಿಗೂ ಬೀಳುವುದು ಅದೇ ಕುಂಕುಮ. ಆದ್ದರಿಂದ ಇನ್ನೊಂದು ಪ್ರತಿ ಮಾಡಿ ಗದಗಿಗೆ, ಅಣ್ಣನ ಮನೆಗೆ ಕಳಿಸು. ಅಲ್ಲಿಯವರೆಗೆ ಮೊಬೈಲಿನಿಂದ ಏನನ್ನೂ ಅಳಿಸಬೇಡ. ಪೂಜೆ ಬಿಡು ಎಂದರೆ ನೀನು ಕೇಳುವವಳಲ್ಲ. ಡಬ್ಬಿಯ ಸ್ವಿಚ್ ಆರಿಸಿ, ದೂರದಿಂದ ಆರತಿ ಬೆಳಗಿ ಕೈಮುಗಿ.

ಇಷ್ಟು ಮಾಡಿದರೆ ನೀನು ಅಣ್ಣನಿಗೆ ಆ ಸಂದೇಶ ಕಳಿಸುವುದಿಲ್ಲ. ನಮ್ಮ ಮನೆಯಲ್ಲಿ ಗುರುಶಾಂತವ್ವ ಮಾತಾಡುತ್ತಾಳೆ, ನಿನ್ನ ಆ ಇಪ್ಪತ್ತೊಂದು ಸೆಕೆಂಡು ಇಲ್ಲವಾಗುತ್ತದೆ. ನನ್ನ ಪಾಲಿಗೆ ನೀನೆಂದರೆ ಅಷ್ಟೇ. ಚಿಕ್ಕವಳಿದ್ದಾಗಿನಿಂದ ಕೇಳಿ ಕೇಳಿ, ನೀನು ಮೂಗು ಸೇದುವ ಸದ್ದೂ ನನಗೆ ಬಾಯಿಪಾಠವಾಗಿದೆ. ಬಿಟ್ಟುಕೊಡುವುದು ಕಷ್ಟ. ಆದರೂ ಬಿಟ್ಟುಕೊಡುತ್ತಿದ್ದೇನೆ. ನೀನು ಅಳಬೇಡ, ಅಜ್ಜಿ.

ನಿನ್ನ
ಇಂಚರ