ಹತ್ತೊಂಬತ್ತು ದಿನದ ಹಾಲು

ನವೆಂಬರ್ 6, ಗುರುವಾರ. ಬೆಳಿಗ್ಗೆ 6
ಮತ್ತೆ ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಬಂದೆ. ಬೇಸಿನ್ನಿಗೆ. ಊರು ಬಿಟ್ಟು ಎರಡು ದಿನ ಆಯಿತು. ಹಿಂಡದಿದ್ದರೆ ಬತ್ತಿ ಹೋಗುತ್ತದೆ ಎಂದು ನರ್ಸಬಾಯಿ ಹೇಳಿ ಕಳಿಸಿದ್ದಾಳೆ. ನನ್ನ ಮಗಳು ಮಾಯಕ್ಕನಿಗೆ, ನಮ್ಮ ಮಾಯಿಗೆ, ಒಂದೂವರೆ ವರ್ಷ, ಇನ್ನೂ ಎದೆಹಾಲು ಬಿಟ್ಟಿಲ್ಲ. ನಾನು ತಿರುಗಿ ಹೋದಾಗ ಓಡಿ ಬಂದು ಬಾಯಿ ಹಾಕಬೇಕು. ಬೇರೆ ಏನೂ ಬೇಡ ನನಗೆ.

ನಾವು ಇಳಿದಿರುವ ಹಾಸ್ಟೆಲಿನಲ್ಲಿ ಮಕ್ಕಳಿಗೆ ಪರವಾನಗಿ ಇಲ್ಲ. ನಮ್ಮೂರು ಸಂಖದ ಬಚತ್ ಗಟದಲ್ಲಿ, ಅಂದರೆ ಉಳಿತಾಯ ಸಂಘದಲ್ಲಿ, ಕಂಬಳಿ ನೇಯುವ ಹನ್ನೊಂದು ಹೆಂಗಸರು. ಹಿಂದಿ ಬರುವುದು ನನಗೊಬ್ಬಳಿಗೆ. ಅದಕ್ಕೇ ಮುಂಬಯಿಯ ಪ್ರದರ್ಶನಕ್ಕೆ ಸುನಿತಾಳೇ ಹೋಗಬೇಕು ಎಂದು ನನ್ನನ್ನು ಕಳಿಸಿದರು.

ಇಲ್ಲಿಯ ಜನ ಕಂಬಳಿ ಮೂಸಿ ನೋಡುತ್ತಾರೆ. ಒಬ್ಬಾಕೆ ಮೂಗು ಮುಚ್ಚಿ, "ಕುರಿ ವಾಸನೆ" ಅಂದಳು. ಮತ್ತೇನು ಮಲ್ಲಿಗೆ ವಾಸನೆ ಬರಬೇಕೇ! ಬಾಯಿ ತೆರೆಯುವಷ್ಟರಲ್ಲಿ ನಂದಾ ಕಾಲು ತುಳಿದಳು. ಡಫಳಾಪುರದವಳು, ಸ್ಟಾಲಿನಲ್ಲಿ ನನ್ನ ಜೋಡಿ. ನಕ್ಕು ಆಕೆಗೇ ಒಂದು ಕಂಬಳಿ ಮಾರಿಯೂ ಬಿಟ್ಟಳು.

ನವೆಂಬರ್ 9, ಭಾನುವಾರ
ವೀಡಿಯೋ ಕಾಲ್ ಮಾಡಿದೆ. ನನ್ನ ಮುಖ ಕಂಡ ಕೂಡಲೇ ಮಾಯಿ ಫೋನಿನ ಹಿಂದೆ ಹೋಗಿ ಹುಡುಕಿದಳು. ಅಲ್ಲಿ ನಾನಿಲ್ಲ. ಫೋನಿಗೆ ಪಟಪಟ ಹೊಡೆದು ಅಳತೊಡಗಿದಳು.

ಗಂಡ ಫೋನ್ ಕಸಿದುಕೊಂಡರು. "ನೀ ಮಾರಿ ತೋರಿಸಬ್ಯಾಡ ಸುನಿ. ಫೋನ್ ಇಟ್ಟಮ್ಯಾಗ ತಾಸಗಟ್ಲೆ ಅಳತಾಳ, ಅವ್ವಗ ಸಾಕಾಗಿ ಹೋಗ್ಯದ."

ಸರಿ, ತೋರಿಸುವುದಿಲ್ಲ.

ಇನ್ನೊಂದು ಸುದ್ದಿ. ಪೂಜಾರಿ ಅಮೋಘಸಿದ್ದಪ್ಪನ ಮೈಮೇಲೆ ಬೀರಪ್ಪ ದೇವರು ಬಂದು ನುಡಿ ಆಯಿತಂತೆ: ಹದಿನಾರಕ್ಕೆ ಮಂದೆ ಹೊರಡಬೇಕು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಕುರಿಗಳು ಪಶ್ಚಿಮಕ್ಕೆ ನಡೆಯುತ್ತವೆ, ಮಳೆಗಾಲಕ್ಕೆ ತಿರುಗಿ ಬರುತ್ತವೆ. ಜೊತೆಗೆ ಹೋಗುವವರು ಮಾವ, ಗಂಡ, ಅಡುಗೆಗೆ ಅತ್ತೆ. ಈ ಸಲ ನಾನೂ ಮಾಯಿಯೂ ಮನೆಯಲ್ಲೇ. ಪ್ರದರ್ಶನ ಮುಗಿಸಿ ಹದಿನಾಲ್ಕಕ್ಕೆ ನಾನು ಊರಲ್ಲಿರುತ್ತೇನೆ. ಎರಡು ದಿನ ಕೈಯಲ್ಲಿದೆ.

ನವೆಂಬರ್ 12, ಬುಧವಾರ
ಹೋಟೆಲಿನವನೊಬ್ಬ ಬಂದಿದ್ದ. ಇನ್ನೂರು ಕಂಬಳಿ ಬೇಕಂತೆ! ಆದರೆ ಮಾಲಕ ಊರಲ್ಲಿಲ್ಲ, ಸೋಮವಾರ ಹದಿನೇಳಕ್ಕೆ ಬಂದು ಭೇಟಿಯಾಗಿ ಅಂದ. ಹೂಂ ಅಂದುಬಿಟ್ಟೆ. ತಾರೀಖು ತಲೆಗೆ ಹೋದದ್ದು ಆಮೇಲೆ. ಹನ್ನೊಂದು ಮನೆಗೆ ಇಡೀ ಚಳಿಗಾಲದ ಕೆಲಸ... ಬಿಡುವುದು ಹೇಗೆ?

ಗಂಡನಿಗೆ ಫೋನ್ ಮಾಡಿದೆ.
"ಎರಡ ದಿನ ಮುಂದ ಹಾಕ್ರಿ."
"ದೇವರ ನುಡಿ ಆಗ್ಯದ. ನಿನ್ನ ಹೋಟೆಲ್ ಮಾಲಕನ ಸಲುವಾಗಿ ಬೀರಪ್ಪ ಕಾಯ್ತಾನೇನು?"
"ಹಂಗಾರ ಅತ್ತೀನ ಮನ್ಯಾಗ ಬಿಟ್ಟು ಹೋಗ್ರಿ. ನಾಕ ದಿನ. ಮಾಯೀನ ನೋಡಾಕ."
"ನೋಡೂಣು."

ನೋಡೋಣ ಅಂದದ್ದನ್ನೇ ಒಪ್ಪಿಗೆ ಅಂದುಕೊಂಡು ಮಲಗಿದೆ.

ನವೆಂಬರ್ 16, ಭಾನುವಾರ. ಮಧ್ಯಾಹ್ನ 2
ಗಂಡನ ಫೋನ್ ಸ್ವಿಚ್ ಆಫ್. ಹತ್ತು ಸಲ ಮಾಡಿದೆ. ಕೊನೆಗೆ ಪಕ್ಕದ ಮನೆಯ ಭಾಗವ್ವನಿಗೆ ಮಾಡಿದೆ.

"ಮನಿಗಿ ಕೀಲಿ ಹಾಕ್ಯಾರಲ್ಲವಾ, ಮುಂಜಾನೆ ಎಲ್ಲಾರೂ ಹ್ವಾದ್ರು."
"ಮಾಯಿ?"
"ಕುದುರಿ ಮ್ಯಾಗ ಕುಂಡ್ರಿಸಿ ಸೀರಿಲೆ ಕಟ್ಟಿದ್ರು. ಕೋಳಿಬುಟ್ಟಿ ಬಾಜೂಕ. ನಗಲಾಕತ್ತಿತ್ತು ಕೂಸು."

ರೊಟ್ಟಿ ಬಡಿಯುವ ಹೆಂಗಸಿಲ್ಲದೆ ಮಂದೆ ನಡೆಯುವುದಿಲ್ಲ. ಇದು ಗೊತ್ತಿಲ್ಲವೇ ನನಗೆ? ಮದುವೆಯಾದ ಮೇಲೆ ಎರಡು ವರ್ಷ ನಾನೇ ಹಿಂದೆ ನಡೆದು ರೊಟ್ಟಿ ಬಡಿದವಳು. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದೆ. ಕೆಟ್ಟ ಮೇಲೆ ಬುದ್ಧಿ ಬಂತು.

ನವೆಂಬರ್ 17, ಸೋಮವಾರ
ಆರ್ಡರ್ ಆಯಿತು. ಸಹಿ ಮಾಡಿದೆ. ನಂದಾ ಪೇಡೆ ತಂದು ಬಾಯಿಗೆ ತುರುಕಿದಳು. ಇನ್ನೂರು ಕಂಬಳಿ, ಜನವರಿ ಕೊನೆಗೆ — ಮೂಗಿಗಿಂತ ಮೂಗುತಿ ಭಾರ. ಗಟದ ಉಳಿದವರು ಫೋನಿನಲ್ಲಿ ಕುಣಿದಾಡಿದರು. ನಾನೂ ಖುಷಿ ಅಂದೆ.

ಬಲಗಡೆ ಹಾಲು ಬರಲೇ ಇಲ್ಲ. ಎಡಗಡೆ ಸ್ವಲ್ಪ.

ನವೆಂಬರ್ 19, ಬುಧವಾರ. ಸಂಖ
ಭಾಗವ್ವನ ಹತ್ತಿರ ಕೀಲಿಕೈ ಇಸಿದುಕೊಂಡು ಮನೆಯೊಳಗೆ ಹೋಗಿ ತೊಟ್ಟಿಲು ನೋಡಿ ಬಂದೆ. ಚೀಲದಲ್ಲಿ ಮುಂಬಯಿಯಿಂದ ತಂದ ಸಣ್ಣ ಬೂಟು. ಚೀಲ ಇಳಿಸಲಿಲ್ಲ, ಮಂದೆ ಹುಡುಕಿಕೊಂಡು ಅದೇ ಬಸ್ಸಿನಲ್ಲಿ ತಿರುಗಿ ಜತ್ತಕ್ಕೆ ಹೊರಟೆ.

ನವೆಂಬರ್ 21, ಶುಕ್ರವಾರ. ಕವಠೆ ಮಹಾಂಕಾಳ ಬಸ್ ಸ್ಟ್ಯಾಂಡ್
ಗಂಡನ ಫೋನ್ ಇನ್ನೂ ಬಂದ್. ಎಲ್ಲಾದರೂ ತೋಟದ ಮನೆ ಸಿಕ್ಕರೆ ಚಾರ್ಜ್ ಮಾಡುತ್ತಾರೆ, ಇಲ್ಲವಾದರೆ ಇಲ್ಲ. ಊರೂರಿಗೆ ಇಳಿದು ಕೇಳುತ್ತಿದ್ದೇನೆ: ಮಂದೆ ಹೋಯಿತೇ? ಹೋಯಿತು ಅನ್ನುತ್ತಾರೆ. ಯಾರದು? ಯಾರಿಗೆ ಗೊತ್ತು! ಈ ದಿನಗಳಲ್ಲಿ ರಸ್ತೆ ತುಂಬ ಕುರಿ.

ಚಹಾ ಅಂಗಡಿಯ ತಾನಾಜಿ ನಮ್ಮವರ ಗುರುತು ಹೇಳಿದ. ಬಿಳಿ ಕುದುರೆ, ಮುದುಕಿ, ಒಂದು ಹೆಣ್ಣುಕೂಸು. ನಿನ್ನೆ ಮಿರಜ ರಸ್ತೆ ಹಿಡಿದರಂತೆ. ಕೂಸು ಹೇಗಿತ್ತು ಎಂದು ಕೇಳಿದೆ. ಅಜ್ಜಿಯ ಸೆರಗಿನೊಳಗೆ ಮಲಗಿತ್ತು ಅಂದ.

ಸ್ಟ್ಯಾಂಡಿನ ಹೊಲಸು ಸಂಡಾಸಿನಲ್ಲಿ ನಿಂತು ಹಿಂಡಿದೆ. ನಾಲ್ಕು ಹನಿ. ಇದೆ, ಇನ್ನೂ ಇದೆ.

ನವೆಂಬರ್ 23, ಭಾನುವಾರ. ಸಂಜೆ
ಸಿಕ್ಕರು. ಮಿರಜದ ಈಚೆ, ಕಬ್ಬು ಕಡಿದ ಹೊಲದಲ್ಲಿ. ಗೊಬ್ಬರ ಬೀಳಲಿ ಎಂದು ಹೊಲದವನು ಕುರಿ ಕೂಡ್ರಿಸಿಕೊಂಡಿದ್ದಾನೆ.

ಮಾಯಿ ಕಟ್ಟಿದ ಮರಿಯ ಹತ್ತಿರ ಕೂತಿದ್ದಳು. ಗಾಳಿಗೆ ಕೆನ್ನೆ ಒಡೆದಿದೆ. ನಾನು ನೆಲಕ್ಕೆ ಕೂತು ಕೈ ಚಾಚಿದೆ. ನೋಡಿದಳು. ಎದ್ದು ಅತ್ತೆಯ ಹಿಂದೆ ಹೋದಳು.

"ನಿಮ್ಮವ್ವ ಬಂದಾಳ ನೋಡ, ಹೋಗ ಹೋಗ," ಅತ್ತೆ ದೂಡಿದರು.

ನಾಚಿಕೆ ಬಿಟ್ಟು ಕುಬಸದ ಗುಂಡಿ ಬಿಚ್ಚಿದೆ. ಮಾವ ಕುರಿ ಕಡೆ ಮುಖ ಮಾಡಿದರು. ಮಾಯಿ ಹತ್ತಿರ ಬಂದಳು. ಒಂದು ಹನಿ ಬಂದಿತ್ತು. ಬೆರಳಿನಿಂದ ಮುಟ್ಟಿ, ಬೆರಳನ್ನು ಫ್ರಾಕಿಗೆ ಒರೆಸಿಕೊಂಡಳು. ಆಮೇಲೆ ತಿರುಗಿ ಹೋಗಿ ಅಜ್ಜಿಯ ಸೆರಗು ಸರಿಸಿ, ಬತ್ತಿದ ಮೊಲೆಗೆ ಬಾಯಿ ಹಾಕಿದಳು. ದಿನಾ ಮಾಡಿ ರೂಢಿಯಾದ ಕೆಲಸ, ತಡವರಿಸಲಿಲ್ಲ. ಕಣ್ಣು ಮುಚ್ಚಿದಳು.

ಅತ್ತೆ ನನ್ನ ಕಡೆ ನೋಡಲಾರದೆ ಹೋದರು. "ಭಾಳ ಅಳತಿತ್ತವ್ವಾ... ಏನ ಮಾಡ್ಲಿ? ಹೆಂಗರೆ ಮಲಗಲಿ ಅಂತ..."

"ಇರ್ಲಿ ಬಿಡ್ರಿ ಅತ್ತೀ. ಎಬ್ಬಸಬ್ಯಾಡ್ರಿ."

ಬಯ್ಯಬೇಕು ಎಂದು ಐದು ದಿನ ಮಾತು ಕೂಡಿಸಿಟ್ಟುಕೊಂಡು ಬಂದಿದ್ದೆ. ಯಾರಿಗೆ ಬಯ್ಯಲಿ?

ನವೆಂಬರ್ 24, ಸೋಮವಾರ. ಬೆಳಿಗ್ಗೆ
ಗಟದಿಂದ ಮೂರು ಫೋನ್. ಉಣ್ಣೆ ಹಂಚಬೇಕು, ಲಗೂನ ಬಾ. ಗಂಡ ಹೇಳಿದರು, "ಎತ್ತಿಕೊಂಡ ಹೋಗಿಬಿಡ. ಎರಡ ದಿನ ಅಳತಾಳ, ಆಮ್ಯಾಲ ಹೊಂದತಾಳ." ಎತ್ತಿಕೊಂಡೆ. ಉಸಿರು ಕಟ್ಟಿ ಮೈ ನೀಲಿಯಾಗುವಷ್ಟು ಚೀರಿದಳು. ಅತ್ತೆಯ ಕೈಗೆ ಕೊಟ್ಟೆ, ಅಳು ಥಟ್ಟನೆ ನಿಂತಿತು. ಹದಿನೈದು ದಿನಕ್ಕೆ ಬರುತ್ತೇನೆ ಅಂದೆ.

ಮಂದೆ ಎದ್ದಿತು. ಅವಳನ್ನು ಕುದುರೆ ಮೇಲೆ ಕಟ್ಟಿದರು. "ಟಾಟಾ ಮಾಡ ಮಾಯಿ," ಅಂದರು ಅತ್ತೆ. ಮಾಡಿದಳು. ನಕ್ಕೇ ಮಾಡಿದಳು, ರಸ್ತೆಯಲ್ಲಿ ಹೋಗುವವರಿಗೆಲ್ಲ ಮಾಡುತ್ತಾಳಂತೆ. ನಾನೂ ಕೈ ಎತ್ತಿ ಟಾಟಾ ಮಾಡಿದೆ.