‘ಇಡಬ್ಯಾಡ್ರಿ’ ಎಂದದ್ದು ‘ಇಡ್ರಿ’ ಎಂದು ಕೇಳಿಸಿದ ದಿನ

ನಮ್ಮ ಭಾಗದ ಮೊಬೈಲ್ ಜಾಲದ ತಾಂತ್ರಿಕ ಮುಖ್ಯಸ್ಥರೇ,

ಮಮದಾಪುರದ ನಿಮ್ಮ ಟವರಿನಲ್ಲಿ ಒಬ್ಬರಿಗೆ ಹೋಗಬೇಕಾದ ಸಂಕೇತ ಇನ್ನೊಬ್ಬರ ಮಾತಿನೊಳಗೆ ಸೋರುತ್ತಿದೆ. ಅದನ್ನು ಸರಿಪಡಿಸಿ ಎಂದು ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ, ಧನ್ಯವಾದಗಳು’ ಎಂಬ ಸಂದೇಶ ಬಂತು. ಪರಿಹಾರವಾದದ್ದು ನಿಮ್ಮ ಸಮಸ್ಯೆ ಇರಬೇಕು. ನಮ್ಮದು ಹಾಗೇ ಇದೆ. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಗೋಕಾಕದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಪಕ್ಕದ ಮನೆಯ ದಾನೇಶ್ವರಿ ಊರಿನ ಹೆಣ್ಣುಮಕ್ಕಳಿಗೆ ಕುಪ್ಪಸ ಹೊಲಿದುಕೊಡುವಾಕೆ. ಕಳೆದ ಬೇಸಿಗೆಯ ಒಂದು ರವಿವಾರ ಮಧ್ಯಾಹ್ನ, ಎಮ್ಮೆಗೆ ಮೇವು ಕತ್ತರಿಸುವಾಗ ಆಕೆಯ ಬಲಗೈ ಯಂತ್ರಕ್ಕೆ ಸಿಕ್ಕಿತು. ಕೂಗು ಕೇಳಿ ಓಡಿಹೋದೆ. ತೋರುಬೆರಳು, ನಡುಬೆರಳು ಎರಡೂ ಹೊಟ್ಟಿನ ಮೇಲೆ ಬಿದ್ದಿದ್ದವು. ಕೈಗೆ ಬಟ್ಟೆ ಬಿಗಿದು ನಾನು ಕಾರು ತರಲು ಹೋದೆ. ಆಕೆಯ ಗಂಡ ಕಾಶಿನಾಥ ಘಟಪ್ರಭಾದ ಪರಿಚಯದ ವೈದ್ಯರಿಗೆ ಫೋನ್ ಮಾಡಿದ. ಅವರು ಹೇಳಿದಂತೆಯೇ, ಅಂದರೆ ಅವನಿಗೆ ಕೇಳಿಸಿದಂತೆಯೇ, ಅಂಗಡಿಯಿಂದ ಮಂಜುಗಡ್ಡೆ ತಂದು ಬೆರಳುಗಳನ್ನು ಆ ಬರ್ಫದೊಳಗೇ ಡಬ್ಬಿಯಲ್ಲಿಟ್ಟು ಕಾರು ಹತ್ತಿದ.

ಘಟಪ್ರಭಾದ ದವಾಖಾನೆಯಲ್ಲಿ ಡಬ್ಬಿ ತೆರೆದ ಆ ವೈದ್ಯರ ಮುಖ ಇಳಿದುಹೋಯಿತು.

“ಬೆರಳ ನೇರ ಬರ್ಫದಾಗ ಇಡಬ್ಯಾಡ್ರಿ ಅಂತ ಹೇಳಿದ್ನಲ್ಲೋ ತಮ್ಮಾ! ಬಟ್ಟ್ಯಾಗ ಸುತ್ತಿ, ಚೀಲದಾಗ ಹಾಕಿ, ಆ ಚೀಲ ಬರ್ಫದ ಮ್ಯಾಲೆ ಇಡಬೇಕಿತ್ತು.”

ಕಾಶಿನಾಥ ತನ್ನ ಫೋನನ್ನು ಮುಂದೆ ಹಿಡಿದ. “ಇಡ್ರಿ ಅಂತ ಕೇಳಿಸ್ತರಿ ಸಾಹೇಬ್ರ. ನಡುವ ನಡುವ ಮಾತು ತುಂಡಾಗ್ತಿತ್ತು. ಇಡ್ರಿ ಅಂತನ ಕೇಳಿಸ್ತರಿ.”

ಬರ್ಫಕ್ಕೆ ತಾಗಿ ಬೆರಳಿನ ಮಾಂಸ ಸತ್ತಿತ್ತು. ಸರಿಯಾಗಿ ತಂದಿದ್ದರೆ ಬೆಳಗಾವಿಯಲ್ಲಿ ಜೋಡಿಸಲು ಯತ್ನಿಸಬಹುದಿತ್ತು ಎಂದರು ವೈದ್ಯರು. ಗಾಯ ಹೊಲಿದು ಕಳಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಕಾಶಿನಾಥ ಹೆಂಡತಿಯ ಮುಖ ನೋಡಲಿಲ್ಲ.

ಆ ವಾರವೇ ಅವನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಲಿಕ್ಕಿಲ್ಲ. ಅವನ ಫೋನನ್ನು ಕೈಗೆ ತೆಗೆದುಕೊಳ್ಳದೆಯೇ ನೀವು ಕೇಳಿದಿರಿ: “ನಿಮ್ಮೂರಾಗ ಸಿಗ್ನಲ್ ಕಡ್ಡಿ ಪೂರ್ತಿ ಇರ್ತಾವೋ ಇಲ್ಲೋ?”

“ಇರ್ತಾವರಿ,” ಎಂದ ಕಾಶಿನಾಥ.

“ಮತ್ತ? ಹ್ಯಾಂಡ್‌ಸೆಟ್ ಬದಲಿ ಮಾಡ್ರಿ.”

ಮಾನ್ಯರೇ, ಕಡ್ಡಿ ಹೇಳುವುದು ಸಂಕೇತ ಎಷ್ಟು ಜೋರಾಗಿದೆ ಎಂಬುದನ್ನು. ಅದು ಎಷ್ಟು ಶುದ್ಧವಾಗಿದೆ ಎಂಬುದನ್ನಲ್ಲ. ಇದನ್ನು ನಾನು ನಿಮಗೆ ಕಲಿಸಬೇಕೇ? ಟವರು ಪ್ರತಿ ಫೋನಿಗೂ ಒಂದೊಂದು ಕಿರಿದಾದ ತರಂಗಪಟ್ಟಿ ಕೊಡುತ್ತದೆ. ಆ ಪಟ್ಟಿಗಳು ಅಕ್ಕಪಕ್ಕದ ಹೊಲಗಳಂತೆ ಒತ್ತಾಗಿರುತ್ತವೆ. ಅವನ್ನು ಬೇರೆಬೇರೆಯಾಗಿ ಹಿಡಿದಿಡುವುದು ಟವರಿನೊಳಗಿನ ಆಂದೋಲಕ, ಅಂದರೆ ಒಂದೇ ಲಯದಲ್ಲಿ ಮಿಡಿಯಬೇಕಾದ ಭಾಗ. ಆ ಲಯ ನಡುಗಿದರೆ ಒಬ್ಬರ ಸಂಕೇತ ಒಡ್ಡು ದಾಟಿ ಇನ್ನೊಬ್ಬರದರೊಳಗೆ ನುಗ್ಗುತ್ತದೆ. ಇದಕ್ಕೆ ಫೇಸ್ ನಾಯ್ಸ್ ಎನ್ನುತ್ತಾರೆ. ಇಂಥ ಕಡೆ ಶಕ್ತಿ ಹೆಚ್ಚಿಸಿದರೆ ಸೋರಿಕೆಯೂ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ದಾನೇಶ್ವರಿಯ ಕೈ ಯಂತ್ರಕ್ಕೆ ಸಿಕ್ಕ ಆ ರವಿವಾರ ಕ್ರಿಕೆಟ್ ಫೈನಲ್ ಇತ್ತು. ಊರಿಗೆ ಊರೇ ಫೋನಿನಲ್ಲಿ ಪಂದ್ಯ ನೋಡುತ್ತಿತ್ತು. ಆ ಎಲ್ಲ ವಿಡಿಯೊದ ನಡುವೆ ವೈದ್ಯರ ಮಾತು ಬರಬೇಕಿತ್ತು.

ಕಾಲೇಜಿನ ಉಪಕರಣ ತಂದು ನಾನೇ ಅಳೆದೆ. ಜನ ಫೋನ್ ಬಳಸದ ಹೊತ್ತಿನಲ್ಲಿ ಕರೆಗಳು ಸರಿಯಿದ್ದವು. ದಟ್ಟಣೆ ಹೆಚ್ಚಿದಂತೆ ಮಾತು ತುಂಡಾಗುತ್ತಿತ್ತು. ಟವರಿನ ಸಂಕೇತದಲ್ಲಿ ನಡುಕ ಸ್ಪಷ್ಟವಾಗಿ ಕಾಣುತ್ತಿತ್ತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲೂ ಅಳೆದೆ. ಅಲ್ಲಿ ನಿಮ್ಮವರೇ ಆಂದೋಲಕವನ್ನು ಬದಲಿಸಿ, ನಡುಕ ತಿದ್ದುವ ತಂತ್ರಾಂಶವನ್ನೂ ಹಾಕಿದ್ದಾರೆ. ಅಷ್ಟೇ ದಟ್ಟಣೆಯಲ್ಲೂ ಮಾತು ತುಂಡಾಗುವುದಿಲ್ಲ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಆಗುವುದಿಲ್ಲ? ಮೂಡಲಗಿ ಕಡೆಯಿಂದಲೂ ಜನ ಇದೇ ದೂರು ಹೇಳುತ್ತಿದ್ದಾರೆ. ಅವರಿಗೂ ಹೊಸ ಹ್ಯಾಂಡ್‌ಸೆಟ್ ಕೊಳ್ಳಲು ಹೇಳುತ್ತೀರೇನು?

‘ಇಡಬ್ಯಾಡ್ರಿ’ಯ ನಡುವಿನ ಎರಡು ಅಕ್ಷರಗಳನ್ನು ನುಂಗಿದ್ದು ಈ ನಡುಕವೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಕಳೆದುಹೋದ ಮಾತನ್ನು ಮತ್ತೆ ಅಳೆಯಲು ಬರುವುದಿಲ್ಲ. ಅದೇ ನನ್ನನ್ನು ಕಾಡುತ್ತಿದೆ. ನಿಮಗೆ ಅದೇ ಅನುಕೂಲವಾಗಿದೆ.

ಕಾಶಿನಾಥ ಈಗ ಯಾರ ಫೋನನ್ನೂ ಎತ್ತುವುದಿಲ್ಲ. ಮೊನ್ನೆ ದಾನೇಶ್ವರಿ ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಬಟ್ಟೆ ಕತ್ತರಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು. ಗಂಡ ಅತ್ತ ಹೋದಮೇಲೆ ಮೆಲ್ಲಗೆ ಹೇಳಿದಳು:

“ಅಕ್ಕಾರ, ಬೆರಳ ತಿರುಗಿ ಬರಂಗಿಲ್ಲ, ನನಗ ಗೊತ್ತೈತಿ. ಆದ್ರ ತಪ್ಪು ಅವರದಲ್ಲ ಅಂತ ಯಾರರ ದೊಡ್ಡವರು ಒಂದ್ ಮಾತು ಹೇಳಬೇಕ್ರಿ. ನಾ ಹೇಳಿದ್ರ ನಂಬವಲ್ರು.”

ಆದ್ದರಿಂದ ಕೇಳುತ್ತಿದ್ದೇನೆ. ಮಮದಾಪುರದ ಆಂದೋಲಕವನ್ನು ಬದಲಿಸಿ. ನಡುಕವನ್ನು ಗುರುತಿಸಿ ತಿದ್ದುವ ತಂತ್ರಾಂಶವನ್ನು ಘೋಡಗೇರಿಯಂತೆ ಇಲ್ಲಿಯೂ ಅಳವಡಿಸಿ. ಅಲ್ಲಿಯವರೆಗೆ, ದಟ್ಟಣೆಯ ಹೊತ್ತಿನಲ್ಲಿ ಮಾತಿನ ಕರೆಗಳ ಅಕ್ಕಪಕ್ಕ ಸ್ವಲ್ಪ ತರಂಗ ಖಾಲಿ ಬಿಡಿ. ಪಂದ್ಯದ ಚಿತ್ರ ತುಸು ಮಸುಕಾದರೆ ಯಾರ ಕೈಯೂ ಹೋಗುವುದಿಲ್ಲ. ಇಷ್ಟಾದ ಮೇಲೆ ಒಂದು ಸಲ ನಮ್ಮ ಓಣಿಗೆ ಬನ್ನಿ. ಕಾಶಿನಾಥನ ಎದುರು ಕುಳಿತು, ‘ನೀನು ಸರಿಯಾಗಿಯೇ ಕೇಳಿಸಿಕೊಂಡೆ, ನಾವು ಸರಿಯಾಗಿ ತಲುಪಿಸಲಿಲ್ಲ’ ಎಂದು ಹೇಳಿ. ಅದನ್ನು ಫೋನಿನಲ್ಲಿ ಮಾತ್ರ ಹೇಳಬೇಡಿ.

ಇಂತಿ,
ಪಾಠ ಹೇಳಿಯೂ ನಿಮಗೆ ಅರ್ಥ ಮಾಡಿಸಲಾಗದೆ ಸೋತ ಮಾಸ್ತರಿಣಿ,
ಪ್ರಣಿತಾ
ಮಮದಾಪುರ, ಗೋಕಾಕ ತಾಲ್ಲೂಕು