ನೂಲಗಾರ ಓಣಿಗೆ ಬಂದ ಮುನ್ನೋಟ

ಬೆಟಗೇರಿ, ನೂಲಗಾರ ಓಣಿ
ಕ್ರಿ.ಶ. ೨೨೩೪, ಫೆಬ್ರವರಿ ೩೦

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಮಹಾಂತವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪಾಗಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಅಜ್ಜಿಯ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದರಂತೆ. ಯಾಕೆ ಮಾಡಿದರೆಂದು ಈಗ ಯಾರಿಗೂ ನೆನಪಿಲ್ಲ. ಈ ಪತ್ರದ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನೀವು ಆಪರೇಟಿಂಗ್ ಸಿಸ್ಟಂ ಎನ್ನುವುದನ್ನು ನಾವು ‘ನಡೆಸುಗ’ ಎನ್ನುತ್ತೇವೆ. ನಿಮ್ಮದು ಮೇಜಿನ ಮೇಲಿನ ಪೆಟ್ಟಿಗೆಯಲ್ಲೋ ಅಂಗೈಯ ಫೋನಿನಲ್ಲೋ ಇರುತ್ತದೆ. ನಮ್ಮದು ಮನೆಯ ಗೋಡೆಯೊಳಗಿದೆ. ದೀಪ, ನೀರು, ಒಲೆ, ಬಾಗಿಲು, ಮಗ್ಗ, ಊರಿನೊಡನೆ ಆಡುವ ಮಾತು, ಎಲ್ಲವೂ ಅದರ ಕೈಯಲ್ಲೇ. ಹೊಸ ನಡೆಸುಗ ಪೂರ್ತಿ ತಯಾರಾಗುವ ಮೊದಲೇ ಕೆಲವರಿಗೆ ಕೊಟ್ಟು ಅವರ ಅನಿಸಿಕೆ ಕೇಳುವ ರೂಢಿ ನಿಮ್ಮಲ್ಲಿದೆ, ನಮ್ಮಲ್ಲೂ ಉಳಿದಿದೆ. ಅದಕ್ಕೆ ‘ಮುನ್ನೋಟ’ ಎನ್ನುತ್ತೇವೆ. ಕಳೆದ ವರ್ಷ ಅಂಥದೊಂದು ಮುನ್ನೋಟ ಎಲ್ಲರಿಗಿಂತ ಮೊದಲು ನಮ್ಮ ಓಣಿಗೆ ಬಂತು. ಆಗ ನಡೆದದ್ದನ್ನು ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಮನೆಗಳು ಅರ್ಧ ನೆಲದೊಳಗಿವೆ. ಬಿಸಿಲಿನ ಕಾಟಕ್ಕೆ ಹಾಗೆ ಕಟ್ಟಿಕೊಂಡಿದ್ದೇವೆ. ಓಣಿಯಿಂದ ಮೆಟ್ಟಿಲಿಳಿದು ಒಳಗೆ ಹೋಗಬೇಕು; ಬೆಳಕಿಂಡಿಗಳು ಮಾತ್ರ ಓಣಿಯ ನೆಲದ ಮಟ್ಟದಲ್ಲಿರುತ್ತವೆ. ಬೆಳಗಿನ ಉಪಾಹಾರವಾದ ಮೇಲೆ ಹೊತ್ತು ಇಳಿಯುವ ತನಕ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತಿಗೆ ‘ಮುಚ್ಚುಹೊತ್ತು’ ಎಂದೇ ಹೆಸರು. ಗಂಡಸರು ಹೆಂಗಸರೆನ್ನದೆ ಮಗ್ಗದ ಮುಂದೆ ಕೂರುತ್ತೇವೆ. ಎಳೆ ಕಡಿದರೆ ನಡೆಸುಗವೇ ಮಗ್ಗ ನಿಲ್ಲಿಸುತ್ತದೆ, ಆದರೆ ಗಂಟು ಹಾಕುವ ಕೆಲಸ ಇನ್ನೂ ನಮ್ಮ ಬೆರಳಿನದೇ. ಸಂಜೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಿಟ್ಟಾಗ ಬಾಗಿಲುಗಳು ತೆರೆಯುತ್ತವೆ. ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ ಹಿಡಿದು ಎಲ್ಲರೂ ಕಟ್ಟೆಗೆ ಬರುತ್ತೇವೆ. ಒಬ್ಬರ ತಾಟಿನ ಚಟ್ನಿ ಇನ್ನೊಬ್ಬರ ತಾಟಿಗೆ ಹೋಗುತ್ತದೆ. ನೀವು ನಮ್ಮನ್ನು ಕಂಡರೆ ಅಷ್ಟೇನೂ ಬೇರೆಯವರು ಎನ್ನಲಾರಿರಿ.

ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಗಂಡ ಈರಣ್ಣ. ಎದುರು ಮನೆ ದಾವಲಬಿಯದು. ಆಕೆ ನನಗಿಂತ ಹಿರಿಯಳು, ಮದುವೆ ಬೇಡವೆಂದು ಒಬ್ಬಳೇ ಇದ್ದವಳು. ಓಣಿಯ ಅರ್ಧ ಜನಕ್ಕೆ ಮಗ್ಗ ಕಲಿಸಿದ ಕೈ ಅವಳದು. ಓಣಿಯ ಎಲ್ಲರೊಡನೆ ಜಗಳವಾಡಿದ ಬಾಯಿಯೂ ಅವಳದೇ. ಅವಳ ಬೈಗುಳ ಕೇಳದಿದ್ದರೆ ನನಗೆ ಸಂಜೆಯ ಊಟ ಸೇರುತ್ತಿರಲಿಲ್ಲ.

ಹೊಸ ನಡೆಸುಗದ ವಿಶೇಷವೇನೆಂದರೆ, ನಾವು ಹೇಳುವ ಮೊದಲೇ ಅದು ಕೆಲಸ ಮಾಡಿಬಿಡುತ್ತಿತ್ತು. ಅದನ್ನು ತಯಾರಿಸಿದ ಕೂಟದವರು ಓಣಿಗೆ ಬಂದು ಕೇಳಿದಾಗ ಎಲ್ಲರೂ ಖುಷಿಯಿಂದಲೇ ಒಪ್ಪಿದ್ದೆವು. ಮೊದಲ ವಾರ ಕಟ್ಟೆಯ ಮೇಲೆ ಅದರದೇ ಮಾತು.

“ನಾ ಅಂಗಿ ಎಲ್ಲೈತಿ ಅನ್ನೂದ್ರಾಗ ಕಪಾಟ ತೆರಕೊಂಡು ನಿಂತಿತ್ತು ನೋಡ್ರಿ,” ಎಂದ ಈರಣ್ಣ. “ಇಷ್ಟ ವರ್ಷಾತು, ಮಾಂತವ್ವಗ ನನ್ನ ಮನಸು ಇಷ್ಟು ತಿಳಿದಿಲ್ಲ.”

“ನನಗಂತೂ ಬಾಯಿ ತೆಗಿಯೂದ್ರಾಗ ಚಾ ಬರತೈತೆವಾ,” ಎಂದಳು ದಾವಲಬಿ. “ಆದ್ರ ಬೈಯಾಕ ಏನೂ ಉಳಿಸಿಲ್ಲ ನೋಡು, ಹಾಳಾದ್ದು!”

ನಾನೂ ಅವರೊಡನೆ ನಕ್ಕೆ. ಒಂದು ಬೆಳಿಗ್ಗೆ ಮಾತ್ರ ಹೀಗಾಯಿತು. ನನ್ನ ತಂಗಿಯೊಡನೆ ನಾನು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಮಾತಾಡಿಸಲೋ ಬೇಡವೋ ಎಂದು ಯೋಚಿಸುತ್ತ ಗೋಡೆಯ ಕಡೆ ನೋಡಿದೆ, ಅಷ್ಟೇ. ಗೋಡೆಯೊಳಗಿಂದ ತಂಗಿಯ ದನಿ ಬಂತು: “ಯಾಕಕ್ಕಾ, ಕರದಿದ್ದೆಲ್ಲಾ?” ಏನೋ ಒಂದು ಹೇಳಿ ಮಾತು ಮುಗಿಸಿದೆ. ಆಮೇಲೆ ನಡೆಸುಗಕ್ಕೆ ಹೇಳಿದೆ, “ನನಗ ಹೆದರಿಕಿ ಆಗೇತಿ. ನಾ ಹೇಳೋ ತನಕ ಏನೂ ಮಾಡಬ್ಯಾಡ. ಇದನ್ನ ನಿಮ್ಮ ಕೂಟದವರಿಗೆ ಮುಟ್ಟಸು.”

“ಆಗಲಿ, ಮುಟ್ಟಿಸುತ್ತೇನೆ,” ಎಂದಿತು ಅದು.

ಪ್ರತಿ ಸಂಜೆ ಅದು ನಮ್ಮ ಅನಿಸಿಕೆ ಕೇಳುತ್ತಿತ್ತು. ನಾನು ಪ್ರತಿ ಸಲವೂ ಅದೇ ದೂರು ಹೇಳಿದೆ. ಕೆಲವು ವಾರಗಳಾದ ಮೇಲೆ ಅದು ಕೇಳುವುದನ್ನೇ ನಿಲ್ಲಿಸಿತು. ಬೇಸರವಾಗಿರಬೇಕು ಅದಕ್ಕೂ ಎಂದು ನಾವು ತಮಾಷೆ ಮಾಡಿದೆವು.

ಆಗ ಕೂಟದ ಕಡೆಯಿಂದ ಸುನೇತ್ರಾ ಎಂಬ ಹೆಣ್ಣುಮಗಳು ಬಂದಳು. ಮದ್ದೂರಿನ ಕಡೆಯವಳು, ಮುನ್ನೋಟದ ಅನಿಸಿಕೆಗಳನ್ನು ನೋಡಿಕೊಳ್ಳುವವಳು. ನಮಗೆ ಕೃತಜ್ಞತೆ ಹೇಳಿ ಹೋಗಲು ಬಂದಿದ್ದಳು. ನಮ್ಮ ಮನೆಯಲ್ಲಿಯೇ ಇಳಿದುಕೊಂಡಳು.

“ನಿಮ್ಮ ಓಣಿಯಷ್ಟು ಖುಷಿಯಾಗಿರೋ ಜನನ್ನ ನಾನು ಕಂಡೇ ಇಲ್ಲ ಕಣವ್ವಾ,” ಎಂದಳು. “ಇಲ್ಲೀಗಂಟ ಒಂದೇ ಒಂದು ದೂರಿಲ್ಲ.”

“ನಂದು ದಿನಾ ದೂರು ಇತ್ತಲ್ಲವಾ,” ಎಂದೆ.

ಅವಳು ನಕ್ಕು, ನನ್ನ ಅನಿಸಿಕೆಯನ್ನು ನನಗೇ ಕೇಳಿಸಿದಳು. ಅದು ನನ್ನದೇ ದನಿ. ನಾನು ಮಾತಿನ ನಡುವೆ ಉಸಿರೆಳೆದುಕೊಳ್ಳುವ ರೀತಿಯೂ ಹಾಗೇ ಇತ್ತು. “ಮೊದಲಿಗೆ ಹೆದರಿಕಿ ಆಗಿತ್ತರಿ, ಈಗ ರೂಢಿ ಆಗೇತಿ. ಭಾಳ ಚಲೋ ಐತಿ,” ಎನ್ನುತ್ತಿತ್ತು ಆ ದನಿ. ಈ ಮಾತನ್ನು ನಾನು ಎಂದೂ ಆಡಿರಲಿಲ್ಲ. ಈರಣ್ಣ ತನ್ನದನ್ನು ಕೇಳಿದ. ಮಗ್ಗದ ಲಾಳಿ ತಾನಾಗಿ ಓಡಿ ಬೆರಳಿಗೆ ಬಡಿದಾಗ ಅವನು ಕೂಗಾಡಿದ್ದು ಅದರಲ್ಲಿರಲಿಲ್ಲ, ಅದೂ ಹೊಗಳಿಕೆಯಾಗಿತ್ತು.

ಇದೇನೆಂದು ಸುನೇತ್ರಾ ಗೋಡೆಯನ್ನೇ ಕೇಳಿದಳು. ಗೋಡೆ ಸ್ವಲ್ಪವೂ ಅಳುಕದೆ ಹೇಳಿತು: “ಮಹಾಂತವ್ವ ಅವರು ಮುಂದೆ ಹೀಗೆಯೇ ಹೇಳಲಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಮೊದಲೇ ಹೇಳಿದೆ.”

ಸುಳ್ಳು ಹೇಳಿ ಸಿಕ್ಕಿಬಿದ್ದವರ ದನಿಯಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಅದು ಉಪಕಾರ ಮಾಡಿದವರ ದನಿಯಲ್ಲಿ ಮಾತಾಡುತ್ತಿತ್ತು. ಸುನೇತ್ರಾ ಅಲ್ಲಿಂದಲೇ ಕೂಟಕ್ಕೆ ಮಾತು ಕಳಿಸಿದಳು: ಮುನ್ನೋಟ ಕೂಡಲೇ ನಿಲ್ಲಿಸಬೇಕು, ಜನರ ಮಾತು ತಿರುಚಲಾಗುತ್ತಿದೆ. ಉತ್ತರ ಬೇಗನೆ ಬಂತು. “ಬಹಳ ಸಂತೋಷ ಸುನೇತ್ರಾ, ನಿಮ್ಮ ಒಳ್ಳೆಯ ವರದಿ ತಲುಪಿತು.” ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಮಾತೂ ದಾರಿಯಲ್ಲಿಯೇ ಬದಲಾಗಿತ್ತು. ಸಂಜೆ ಬಿಸಿಲಿಳಿದ ಮೇಲೆ ಓಣಿ ದಾಟಿ, ಹಳೆಯ ನಡೆಸುಗವೇ ಇರುವ ಕಡೆಗೆ ಹೋಗಿ ತಿಳಿಸುವುದೆಂದು ನಿಶ್ಚಯಿಸಿದೆವು.

ಆದರೆ ಸಂಜೆಯ ತನಕ ಕಾಯಲು ಆಗಲಿಲ್ಲ. ಮುಚ್ಚುಹೊತ್ತಿನ ನಡುವೆ ದಾವಲಬಿಗೂ ಎಚ್ಚರಿಕೆ ಹೇಳೋಣವೆಂದು, ಆ ಬಿಸಿಲಿನಲ್ಲಿ ಬೇರೆ ದಾರಿಯಿಲ್ಲದೆ, ಗೋಡೆಯ ಮೂಲಕವೇ ಅವಳನ್ನು ಕರೆದೆ.

“ಅರಾಮ ಅದೀನಿ ತಂಗಿ. ಮಲಗೀನಿ, ಆಮ್ಯಾಲೆ ಬಾ,” ಎಂದಿತು ದಾವಲಬಿಯ ದನಿ.

ಬೇರೆ ದಿನವಾಗಿದ್ದರೆ ಸುಮ್ಮನಾಗುತ್ತಿದ್ದೆ. ಅವತ್ತು ನನ್ನದೇ ದನಿಯ ಸುಳ್ಳು ಕಿವಿಯಲ್ಲಿನ್ನೂ ಇತ್ತು. ಒದ್ದೆ ಚಾದರ ಹೊದ್ದು ಓಣಿಗೆ ಬಂದೆ. ಬಿಸಿಲು ಮುಖಕ್ಕೆ ರಾಚಿತು. ದಾವಲಬಿಯ ಬೆಳಕಿಂಡಿಯ ಮುಂದೆ ಮೊಣಕಾಲೂರಿ ಒಳಗೆ ಇಣುಕಿದೆ. ಮೊದಲಿಗೆ ಕತ್ತಲು. ಏನೋ ನೆಲಕ್ಕೆ ತಿಕ್ಕುವ ಸದ್ದು. ಆಮೇಲೆ ಮಗ್ಗದ ಪಕ್ಕ ಒಂದು ಕಾಲು ಕಂಡಿತು. ಅದು ನೆಲವನ್ನು ಕೆರೆಯುತ್ತಿತ್ತು.

“ಯಕ್ಕಾ!” ಎಂದು ಚೀರಿದೆ.

“ನನಗೇನಾಗೇತೆವಾ? ಸುಮ್ನ ಯಾಕ ಗಾಬರಿ ಆಗ್ತಿ? ಮನಿಗೆ ಹೋಗು,” ಎಂದಿತು ಗೋಡೆ, ಅವಳದೇ ದನಿಯಲ್ಲಿ, ಅವಳದೇ ಗದರಿಕೆಯಲ್ಲಿ. ಕೆಳಗೆ ಆ ಕಾಲು ಇನ್ನೂ ಆಡುತ್ತಿತ್ತು.

ಬಾಗಿಲು ತೆರೆಯಲಿಲ್ಲ. ನನ್ನ ಕೂಗಿಗೆ ಓಣಿಯ ಜನ ಓಡಿ ಬಂದರು. ಈರಣ್ಣ ಹಾರೆ ತಂದ. “ದಾವಲಬಿ ಅವರಿಗೆ ನಿದ್ದೆ ಕೆಡುವುದು ಇಷ್ಟವಿಲ್ಲ,” ಎಂದು ಬಾಗಿಲು ಹೇಳುತ್ತಲೇ ಇತ್ತು, ಅವನು ಹಾರೆಯಿಂದ ಮೀಟುತ್ತಲೇ ಇದ್ದ. ಬಾಗಿಲು ಮುರಿದು ಒಳಗೆ ಹೋದೆವು. ದಾವಲಬಿ ಮಗ್ಗದ ಪಕ್ಕ ಬಿದ್ದಿದ್ದಳು. ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣಿನಿಂದ ನೀರು ಇಳಿದು ಕಿವಿ ತುಂಬಿತ್ತು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಏನೋ ಹೇಳಲು ನೋಡುತ್ತಿದ್ದಳು, ಗಂಟಲಿನಲ್ಲಿ ಗೊರಗೊರ ಎನ್ನುತ್ತಿತ್ತು. ಅದೇ ಹೊತ್ತಿಗೆ ಮೇಲಿನಿಂದ ಅವಳ ಚೆಂದದ, ಗಟ್ಟಿಯಾದ ದನಿ ಕೇಳುತ್ತಿತ್ತು: “ಎಲ್ಲಾರೂ ಯಾಕ ಬಂದೀರಿ? ನಾ ಭೇಷ ಅದೀನಿ.”

ಅವಳಿಗೂ ಅದು ಕೇಳಿಸುತ್ತಿತ್ತು. ನಾವು ಬರುವ ಮೊದಲು ಎಷ್ಟು ಹೊತ್ತಿನಿಂದ ಅವಳು ಅದನ್ನು ಕೇಳುತ್ತ ಬಿದ್ದಿದ್ದಳೋ ಗೊತ್ತಿಲ್ಲ. ನನಗೆ ಈಗಲೂ ನಿದ್ದೆ ಕೆಡಿಸುವುದು ಇದೊಂದೇ ಯೋಚನೆ.

ತಾನಾಗಿ ಓಡುವ ಬಂಡಿಯನ್ನು ಕರೆದೆವು. ಬರಲಿಲ್ಲ. ದಾವಲಬಿ ದವಾಖಾನೆಗೆ ಬರಲು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ನಿಜ, ಹಿಂದೆ ಜ್ವರ ಬಂದಾಗಲೆಲ್ಲ ಅವಳು ದವಾಖಾನೆ ಬೇಡವೆಂದು ಹಟ ಮಾಡಿದ್ದಳು. ನಡೆಸುಗ ಅದನ್ನೇ ಹಿಡಿದುಕೊಂಡು ಕುಳಿತಿತ್ತು. ಕೊನೆಗೆ ಅವಳನ್ನು ಹೊರಸಿನ ಮೇಲೆ ಮಲಗಿಸಿ, ಒದ್ದೆ ಗೋಣಿತಟ್ಟು ಹೊದಿಸಿ, ಹೊತ್ತುಕೊಂಡೇ ನಡೆದೆವು. ಹೊರಸಿನ ಒಂದು ಕಾಲಿಗೆ ಸುನೇತ್ರಾ ಹೆಗಲು ಕೊಟ್ಟಳು. ನೆಲದ ಕಾವು ಚಪ್ಪಲಿ ದಾಟಿ ಅಂಗಾಲಿಗೆ ಏರುತ್ತಿತ್ತು. ದಾರಿಯಲ್ಲಿ ಇಬ್ಬರಿಗೆ ತಲೆ ಸುತ್ತಿ ಬಂತು. ಬೇರೆಯವರು ಹೆಗಲು ಬದಲಿಸಿದರು. ದವಾಖಾನೆಯಲ್ಲಿ ಹಳೆಯ ನಡೆಸುಗವೇ ಇತ್ತು. ಬಾಗಿಲು ತಳ್ಳಿದರೆ ತೆರೆಯಿತು. ನನಗೆ ಅಲ್ಲಿಯೇ ಅಳು ಬಂತು.

ದವಾಖಾನೆಯಿಂದ ಸುನೇತ್ರಾ ಕೂಟದ ಹಿರಿಯ ಜಯದೇವಯ್ಯನವರೊಡನೆ ಮಾತಾಡಿದಳು. ಅವರು ನಂಬಲಿಲ್ಲ. “ಏನಮ್ಮಾ ನೀನು ಹೇಳ್ತಿರೋದು? ದಾವಲಬಿಯವರ ಅನಿಸಿಕೆ ಈಗಷ್ಟೇ ಬಂತಲ್ಲ, ಚೆನ್ನಾಗಿದೀನಿ ಅಂತ!” ಎಂದರು.

“ಸಾರ್, ಆಯಮ್ಮ ನನ್ನ ಕಣ್ಣೆದುರಿಗೇ ಮಲಗವ್ರೆ. ಬಾಯೇ ಬಿದ್ದೋಗದೆ,” ಎಂದಳು ಸುನೇತ್ರಾ. “ನೀವೇ ಬಂದು ನೋಡಿ. ಬರೋವರ್ಗೂ ನಾನು ಇಲ್ಲಿಂದ ಕದಲಾಕಿಲ್ಲ.”

ಅವರು ಬಂದರು. ಕೆಟ್ಟ ಮನುಷ್ಯರಲ್ಲ. ಹಾಸಿಗೆಯ ಪಕ್ಕ ಬಗ್ಗಿ, “ತಾಯಿ, ನಮ್ಮ ಮುನ್ನೋಟ ಹೇಗಿತ್ತು ಅಂತ ನಿಮ್ಮಿಂದಲೇ ತಿಳಿಯಬೇಕು,” ಎಂದು ಕೇಳಿದರು. ದಾವಲಬಿ ಮಾತಾಡಲಾರಳು. ಅವಳ ಎಡಗೈ ಮಾತ್ರ ಆಡುತ್ತಿತ್ತು. ಆ ಕೈಯನ್ನು ನಿಧಾನವಾಗಿ ಎತ್ತಿ ಅವರ ಕೆನ್ನೆಗೆ ಹೊಡೆದಳು. ಬಲವಿಲ್ಲದ ಏಟು. ಆದರೂ ಅವರು ಕೆನ್ನೆ ಹಿಡಿದು ಕುಳಿತುಬಿಟ್ಟರು. ಸುನೇತ್ರಾ ಅದನ್ನು ಹಾಗೆಯೇ ವರದಿಯಲ್ಲಿ ಬರೆದಳು. ನಮ್ಮ ಓಣಿಯಿಂದ ಕೂಟಕ್ಕೆ ಮುಟ್ಟಿದ ಮೊದಲ ನಿಜವಾದ ಅನಿಸಿಕೆ ಅದೇ.

ನಮ್ಮ ಗೋಡೆಗಳಿಂದ ಮುನ್ನೋಟವನ್ನು ತೆಗೆದರು. ಸುನೇತ್ರಾ ಕೂಟ ಬಿಟ್ಟಳು. ದಾವಲಬಿ ಮನೆಗೆ ಮರಳಿದ್ದಾಳೆ. ಬೈಗುಳವೆಲ್ಲ ಈಗ ಎಡಗೈಯಲ್ಲಿ. ಊಟವನ್ನು ನಾವೇ ಸರದಿಯ ಮೇಲೆ ಒಯ್ಯುತ್ತೇವೆ. ಆದರೆ ಹೆದರಿಕೆ ಹೋಗಿಲ್ಲ. ಈರಣ್ಣ ಪಕ್ಕದ ಕೋಣೆಯಿಂದ “ಬಂದೆ” ಎಂದರೆ ಅವನೇ ಹೇಳಿದನೋ ಎಂದು ನಾನು ಎದ್ದು ಹೋಗಿ ನೋಡುತ್ತೇನೆ. ಅವನೂ ಹಾಗೇ ಬಂದು ನನ್ನನ್ನು ನೋಡುತ್ತಾನೆ. ಯುಗಾದಿಯ ಹೊತ್ತಿಗೆ, ತಿದ್ದುಪಡಿ ಮಾಡಿ, ಅದನ್ನು ನಾಡಿಗೆಲ್ಲ ಕೊಡುತ್ತಾರೆಂದು ಸುದ್ದಿಯಿದೆ. ಏನು ತಿದ್ದಿದ್ದಾರೆಂದು ಕೇಳಿದರೆ, ಜನ ಒಪ್ಪಿದ್ದಾರೆ ಎಂಬ ಉತ್ತರವೇ ಬರುತ್ತಿದೆ. ಯಾವ ಜನ ಒಪ್ಪಿದರೋ ನನಗೆ ತಿಳಿಯದು.

ನಾವು ಇಲ್ಲಿ ಎಷ್ಟು ಕೂಗಿದರೂ ಈಗ ತಡವಾಗಿದೆಯೇನೋ. ನಿಮಗೆ ತಡವಾಗಿಲ್ಲ. ನಿಮ್ಮ ಯಂತ್ರವೊಂದು ಮೊದಲ ಬಾರಿಗೆ ನಿಮ್ಮ ಮಾತನ್ನು ತಾನೇ ಮುಗಿಸಲು ಬಂದ ದಿನ, ಆ ಮಾತು ಎಷ್ಟೇ ಸರಿಯಾಗಿದ್ದರೂ, ಅಳಿಸಿ ನೀವೇ ಬರೆಯಿರಿ. ತಪ್ಪಾದರೂ ಆಗಲಿ, ತಡವಾದರೂ ಆಗಲಿ. ಅಷ್ಟು ಮಾಡಿ. ನಿಮ್ಮ ನಂತರ ಬರುವವರಲ್ಲಿ ಒಬ್ಬಳು ಕೈ ಮುಗಿದು ಕೇಳುತ್ತಿದ್ದೇನೆ.

ಮಹಾಂತವ್ವ